ಕಟ್ಟಿಸಿಕೊಂಡ ಕವಚ

ಮಹಾಭಾರತದಲ್ಲಿ ಎರಡು ಕವಚಗಳ ಕಥೆಯುಂಟು. ಒಂದು ಕರ್ಣನದು. ಅದು ಹುಟ್ಟಿನೊಡನೆ ಬಂದದ್ದು, ಮೈಯೊಡನೆ ಬೆಳೆದದ್ದು. ಇಂದ್ರನು ಬ್ರಾಹ್ಮಣವೇಷದಿಂದ ಬಂದು ಬೇಡಿದಾಗ, ಬಂದವನು ಯಾರು, ಬಂದ ಕಾರಣವೇನು ಎಂಬುದೆಲ್ಲವನ್ನೂ ಬಲ್ಲವನಾಗಿಯೂ ಕರ್ಣನು ಅದನ್ನು ಮೈಯಿಂದ ಕೊಯ್ದು ಕೊಟ್ಟನು. ನಮ್ಮ ಆದಿಕವಿ ಪಂಪನಿಗೆ ಕರ್ಣನಲ್ಲಿ ಎಂತಹ ಒಲವಿತ್ತೆಂಬುದನ್ನು ಕನ್ನಡದ ಓದುಗರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಆ ಒಲವಿಗೆ ಈ ತ್ಯಾಗವೂ ಒಂದು ಕಾರಣ. ಇನ್ನೊಂದು ಕವಚ ದುರ್ಯೋಧನನದು. ಜಯದ್ರಥನ ವಧೆಯಾದ ದಿನ ದ್ರೋಣಾಚಾರ್ಯರು ಮಂತ್ರಪೂರ್ವಕವಾಗಿ ಅದನ್ನು ಅವನ ಮೈಗೆ ಕಟ್ಟಿ ಅರ್ಜುನನ ಮೇಲೆ ಕಳುಹಿಸಿದರು. ಅರ್ಜುನನ ಬಾಣಗಳು ಅದಕ್ಕೆ ತಾಗಿ ನಿಷ್ಫಲವಾಗಿ ಬಿದ್ದವು. ಕೃಷ್ಣನಿಗೂ ಅಚ್ಚರಿಯಾಯಿತು. ಆಗ ಅರ್ಜುನನು ಹೇಳಿದ ಮಾತಿನ ಭಾವವಿಷ್ಟು: ಇವನು ಕವಚವನ್ನೇನೋ ತೊಟ್ಟಿದ್ದಾನೆ, ತೊಟ್ಟವನು ಮಾಡಬೇಕಾದುದೇನೆಂಬುದನ್ನು ಮಾತ್ರ ಅರಿತಿಲ್ಲ. ಬಳಿಕ ಅವನು ಕವಚ ಮುಚ್ಚದ ಅಂಗೈಗಳಿಗೆ ಗುರಿಯಿಟ್ಟನು. ದುರ್ಯೋಧನನು ನೋವು ತಾಳಲಾರದೆ ಹಿಂಜರಿದನು.

ಈ ಹಳೆಯ ಕಥೆಯನ್ನು ಇಲ್ಲಿ ಎತ್ತಲು ಕಾರಣವುಂಟು. ಇಂದು ಕವಚವನ್ನು ಕಟ್ಟಿಕೊಡುವವರು ಆಚಾರ್ಯರಲ್ಲ, ಕಾರ್ಖಾನೆಗಳು. ನಮ್ಮ ದೇಶದಲ್ಲಿಯೂ ಸರ್ಕಾರದ ಹಾಗೂ ಖಾಸಗಿಯ ಉದ್ಯಮಗಳು ಕವಚವಾಹನಗಳ ತಯಾರಿಕೆಯಲ್ಲಿ ಪೈಪೋಟಿಯಿಂದ ತೊಡಗಿವೆ. ಹೊಸ ವಾಹನವೊಂದು ಸಿದ್ಧವಾದಾಗಲೆಲ್ಲ ಅದರ ತೂಕವೆಷ್ಟು, ವೇಗವೆಷ್ಟು, ಎಂತಹ ಗುಂಡನ್ನು ತಡೆಯುತ್ತದೆ ಎಂಬ ವಿವರಗಳು ಪತ್ರಿಕೆಗಳಲ್ಲಿ ತಪ್ಪದೆ ಬರುತ್ತವೆ. ಅದರ ಒಳಗೆ ಯಾರು ಕುಳಿತಿರುತ್ತಾರೆ, ಹೊರಗೆ ಯಾರು ನಿಂತಿರುತ್ತಾರೆ ಎಂಬ ಪ್ರಶ್ನೆ ಬರುವುದು ಅಪರೂಪ. ಈ ಪ್ರಶ್ನೆಗೆ ದಕ್ಷಿಣ ಆಫ್ರಿಕದ ಒಂದು ಉದ್ಯಮದ ಚರಿತ್ರೆ ಕೊಡುವ ಉತ್ತರವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಜೊಹಾನ್ಸ್‌ಬರ್ಗ್ ನಗರದ ಪೂರ್ವಕ್ಕೆ ಸುಮಾರು 30 ಕಿಲೋಮೀಟರು ದೂರದಲ್ಲಿ ಬೆನೋನಿ ಎಂಬ ಊರಿದೆ. ಹಿಂದೆ ಚಿನ್ನದ ಗಣಿಗಳಿಗೆ ಹೆಸರಾಗಿದ್ದ ಊರು. ಕವಚವಾಹನಗಳನ್ನು ಕಟ್ಟುವ ಓ.ಎಂ.ಸಿ. ಎಂಬ ಕಾರ್ಖಾನೆ ಇಲ್ಲಿಯದು. ವರ್ಣಭೇದ ನೀತಿಯ ಕಾಲದಲ್ಲಿ ಆ ದೇಶ ಜಗತ್ತಿನಿಂದ ಬೇರ್ಪಟ್ಟಿತ್ತು. 1977ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಸಮಿತಿ ಅದಕ್ಕೆ ಆಯುಧಗಳನ್ನು ಮಾರಕೂಡದೆಂದು ಕಡ್ಡಾಯದ ನಿಷೇಧವನ್ನು ವಿಧಿಸಿತು. ಹೊರಗಿನಿಂದ ಕೊಳ್ಳಲಾಗದ ದೇಶ ತನ್ನಲ್ಲಿಯೇ ಮಾಡಿಕೊಳ್ಳಲು ಕಲಿಯಿತು. ಆ ಕಲಿಕೆಯ ಪ್ರಸಿದ್ಧ ಫಲವೇ ಕ್ಯಾಸ್ಪಿರ್ ಎಂಬ ವಾಹನ. ಅದನ್ನು ರೂಪಿಸಿದ ವೈಜ್ಞಾನಿಕ ಸಂಶೋಧನಾ ಮಂಡಲಿ ಸಿ.ಎಸ್.ಐ.ಆರ್.; ಬಳಸಲಿದ್ದುದು ದಕ್ಷಿಣ ಆಫ್ರಿಕದ ಪೋಲೀಸು ಇಲಾಖೆ, ಎಸ್.ಎ.ಪಿ. ಈ ಎರಡು ಹೆಸರುಗಳ ಇಂಗ್ಲಿಷ್ ಅಕ್ಷರಗಳನ್ನು ಕಲಸಿ ಹೆಣೆದ ಹೆಸರು ಕ್ಯಾಸ್ಪಿರ್. ವಿಜ್ಞಾನವೂ ಪೋಲೀಸೂ ಅದರ ಹೆಸರಿನಲ್ಲಿಯೇ ಬೆರೆತುಹೋಗಿವೆ.

ಅದರ ರಚನೆಯ ಜಾಣ್ಮೆಯನ್ನು ಮೆಚ್ಚಲೇಬೇಕು. ನಮೀಬಿಯದ ಗಡಿಪ್ರಾಂತದ ಮಣ್ಣುದಾರಿಗಳಲ್ಲಿ ಹುದುಗಿಸಿಟ್ಟ ನೆಲಬಾಂಬುಗಳು ಆಗಿನ ದೊಡ್ಡ ಭಯ. ತಳ ಸಪಾಟಾಗಿರುವ ಬಂಡಿಯ ಕೆಳಗೆ ಬಾಂಬು ಸಿಡಿದರೆ ಅದರ ಸಮಸ್ತ ಬಲವೂ ನೇರವಾಗಿ ಮೇಲಕ್ಕೆ ನುಗ್ಗಿ ಒಳಗಿದ್ದವರನ್ನು ಕೊಲ್ಲುತ್ತದೆ. ಕ್ಯಾಸ್ಪಿರಿನ ತಳ ಹಾಗಲ್ಲ. ದೋಣಿಯ ತಳದಂತೆ ಎರಡು ಕಡೆಯಿಂದ ಇಳಿದು ಕೆಳಗೆ ಕೂಡುತ್ತದೆ. ಒಡಲನ್ನು ನೆಲದಿಂದ ಬಹಳ ಎತ್ತರದಲ್ಲಿ ಇರಿಸಲಾಗಿದೆ. ಸ್ಫೋಟದ ಬಲ ಈ ಇಳಿಜಾರಿಗೆ ಬಡಿದು ಎರಡು ಪಕ್ಕಕ್ಕೂ ಹಂಚಿಹೋಗುತ್ತದೆ. ಚಕ್ರ ಕಿತ್ತುಹೋಗಬಹುದು, ಅಚ್ಚು ಮುರಿಯಬಹುದು, ಆದರೆ ಮನುಷ್ಯ ಉಳಿಯುತ್ತಾನೆ. ಚಕ್ರದ ಕೆಳಗೆ 21 ಕಿಲೋಗ್ರಾಂ, ತಳದ ಕೆಳಗೆ 14 ಕಿಲೋಗ್ರಾಂ ಟಿ.ಎನ್.ಟಿ. ಸಿಡಿದರೂ ಒಳಗಿನವರು ಬದುಕಬೇಕೆಂಬುದು ಅದರ ಲೆಕ್ಕ. ಯಂತ್ರವನ್ನು ಕಳೆದುಕೊಂಡು ಮನುಷ್ಯನನ್ನು ಉಳಿಸಿಕೊಳ್ಳುವ ಈ ವಿಚಾರ ತನ್ನಷ್ಟಕ್ಕೆ ದಯೆಯ ವಿಚಾರವೇ ಸರಿ. ಬಂಡಿಯೊಳಗೆ ಕುಳಿತ ಹುಡುಗನಿಗಾಗಿ ಮನೆಯಲ್ಲಿ ಕಾಯುವ ತಾಯಿಯ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ಯಂತ್ರವಿಲ್ಲ.

ಆದರೆ ಕವಚಕ್ಕೆ ಇನ್ನೊಂದು ಮೈಯುಂಟು. ಅದು ಹೊರಮೈ. 1976ರ ಜೂನ್ 16ರಂದು ಸೊವೆಟೊ ಎಂಬಲ್ಲಿ ಶಾಲೆಯ ಮಕ್ಕಳು ಬೀದಿಗಿಳಿದರು. ಅವರ ದೂರು ಭಾಷೆಯದು. ಗಣಿತ, ಸಮಾಜಶಾಸ್ತ್ರ ಮುಂತಾದ ಪಾಠಗಳನ್ನು ಆಫ್ರಿಕಾನ್ಸ್ ಭಾಷೆಯಲ್ಲಿ ಕಲಿಯಬೇಕೆಂದು ಸರ್ಕಾರ ಕಟ್ಟುಮಾಡಿತ್ತು. ಆ ಮಕ್ಕಳ ಮನೆಯ ಮಾತು ಅದಲ್ಲ. ಅವರ ಪಾಲಿಗೆ ಅದು ಆಳುವವರ ಅಪ್ಪಣೆಯ ಮಾತು. ಪೋಲೀಸರು ಗುಂಡು ಹಾರಿಸಿದರು. ಕ್ಯಾಸ್ಪಿರಿಗಿಂತ ಮೊದಲು ಬಂದ ಹಿಪ್ಪೋ ಎಂಬ ಕವಚವಾಹನಗಳು ಸೊವೆಟೊದ ಬೀದಿಗಳನ್ನು ಹೊಕ್ಕವು. ನೆಲಬಾಂಬಿಗಾಗಿ ಮಾಡಿದ ಬಂಡಿಗಳು ಪುಸ್ತಕದ ಚೀಲ ಹಿಡಿದ ಮಕ್ಕಳೆದುರು ಬಂದು ನಿಂತವು. ಆ ಬೀದಿಗಳಲ್ಲಿ ನೆಲಬಾಂಬು ಇರಲಿಲ್ಲ. ಭಾಷೆಯನ್ನು ಕಲಿಸುವ ವೃತ್ತಿಯವರಿಗೆ ಈ ಘಟನೆ ಮರೆಯತಕ್ಕದ್ದಲ್ಲ. ಒಂದು ಭಾಷೆಯನ್ನು ಕವಚವಾಹನದ ಕಾವಲಿನಲ್ಲಿ ಕಲಿಸಬೇಕಾಗಿ ಬಂದರೆ ಆ ಭಾಷೆಗೂ ಅದು ಅವಮಾನ.

1980ರ ದಶಕದಲ್ಲಿ ಕ್ಯಾಸ್ಪಿರಿನ ಸರದಿ ಬಂದಿತು. ನಮೀಬಿಯದಲ್ಲಿ ಕೂವುಟ್ ಎಂಬ ಪೋಲೀಸು ತುಕಡಿ ಅದನ್ನು ಬಳಸಿತು. ಕೂವುಟ್ ಎಂದರೆ ಹಾರೆಕೋಲು. ಕೊಂದವರ ಶವಗಳನ್ನು ಈ ವಾಹನಗಳ ಹೊರಮೈಗೆ ಬಿಗಿದು ಹಳ್ಳಿಗಳ ನಡುವೆ ಒಯ್ದ ಸಂಗತಿ ಮುಂದೆ ಸತ್ಯ ಮತ್ತು ಸಂಧಾನ ಆಯೋಗದ ದಾಖಲೆಗೆ ಸೇರಿತು. ದಕ್ಷಿಣ ಆಫ್ರಿಕದೊಳಗೆ, 1985ರಲ್ಲಿಯೂ 1986ರಲ್ಲಿಯೂ ತುರ್ತುಪರಿಸ್ಥಿತಿಯನ್ನು ಸಾರಿದ ಮೇಲೆ, ಕಪ್ಪು ಜನರ ವಸತಿಗಳಲ್ಲಿ ಕ್ಯಾಸ್ಪಿರ್ ದಿನದಿನದ ನೋಟವಾಯಿತು. ಅದನ್ನು ಬರೆದು ತೋರಿಸುವುದು ಅಲ್ಲಿಯ ಎಳೆಯ ಮಕ್ಕಳಿಗೂ ಕಷ್ಟವಾಗಿರಲಾರದು: ಎತ್ತರದ ಚಕ್ರಗಳು, ದಪ್ಪ ಗಾಜಿನ ಕಿಟಕಿಗಳು, ಗೋಡೆಯಲ್ಲಿ ಬಂದೂಕಿನ ಬಾಯಿಗೆಂದು ಬಿಟ್ಟ ಕಂಡಿಗಳು. ಒಳಗಿನವನ ಮುಖ ಹೊರಗಿನವನಿಗೆ ಕಾಣದು. ಒಳಗಿನವನಿಗೆ ಹೊರಗಿನವರು ಕಂಡರೂ ಮನುಷ್ಯರಾಗಿ ಕಾಣರು, ಗುಂಪಾಗಿ ಕಾಣುತ್ತಾರೆ. ಕವಚದ ದೋಷ ಅದರ ಉಕ್ಕಿನಲ್ಲಿಲ್ಲ. ಮುಖಗಳನ್ನು ಮರೆಸುವ ಅದರ ಗುಣದಲ್ಲಿದೆ.

ಇಲ್ಲಿ ನಮ್ಮ ದೇಶದ ಮಾತೂ ಬರಬೇಕು. ದಕ್ಷಿಣ ಆಫ್ರಿಕದ ವರ್ಣನೀತಿಯನ್ನು ಪ್ರತಿಭಟಿಸಿ ಅದರೊಡನೆ ವ್ಯಾಪಾರವನ್ನು ಮೊದಲು ಕಡಿದುಕೊಂಡ ದೇಶ ಭಾರತ. ಅದು 1946ರ ಮಾತು. ಸ್ವಾತಂತ್ರ್ಯ ಕೂಡ ಇನ್ನೂ ಬಂದಿರಲಿಲ್ಲ. ರಾಜತಾಂತ್ರಿಕ ಸಂಬಂಧ ಮತ್ತೆ ಕೂಡಿಕೊಂಡದ್ದು 1993ರ ನವೆಂಬರಿನಲ್ಲಿ. ಆ ಬಳಿಕ ಕೆಲವೇ ವರ್ಷಗಳಲ್ಲಿ ಭಾರತೀಯ ಸೈನ್ಯ ಕ್ಯಾಸ್ಪಿರ್ ವಾಹನಗಳನ್ನು ತರಿಸಿಕೊಂಡಿತು. ಕಾಶ್ಮೀರದ ದಾರಿಗಳಲ್ಲಿ ಅವು ಓಡಿದವು. ಅದೇ ಜಾತಿಯ 'ಆದಿತ್ಯ' ಎಂಬ ವಾಹನವನ್ನು ತೆಲಂಗಾಣದ ಮೇದಕ್ ಹೆಸರಿನ ಸರ್ಕಾರಿ ಕಾರ್ಖಾನೆ ತಯಾರಿಸಿತು. ಆ ಕಾರ್ಖಾನೆ 2021ರಿಂದ ಆವಡಿಯಲ್ಲಿ ಕೇಂದ್ರವುಳ್ಳ ಆರ್ಮರ್ಡ್ ವೆಹಿಕಲ್ಸ್ ನಿಗಮಕ್ಕೆ ಸೇರಿದೆ. 2021ರಲ್ಲಿಯೇ ನಮ್ಮ ಸೈನ್ಯ ಪುಣೆಯ ಭಾರತ್ ಫೋರ್ಜ್ ಸಂಸ್ಥೆಯಿಂದ ಕೊಳ್ಳಲು ಒಪ್ಪಿದ 'ಕಲ್ಯಾಣಿ ಎಂ-4' ವಾಹನದ ಮೂಲವೂ ದಕ್ಷಿಣ ಆಫ್ರಿಕದ ಪ್ಯಾರಮೌಂಟ್ ಎಂಬ ಕಂಪನಿಯ ವಿನ್ಯಾಸವೇ. ಹೀಗೆ ಬೆನೋನಿಯ ಆಸುಪಾಸಿನ ವಿದ್ಯೆ ನಮ್ಮ ಮನೆಯ ವಿದ್ಯೆಯೂ ಆಗಿದೆ. ದೂರದವರ ಕಥೆಯೆಂದು ಇದನ್ನು ತಳ್ಳಿಹಾಕಲಾಗದು.

ವಿದ್ಯೆಯ ಮಿತಿಯನ್ನೂ ನಾವು ನಮ್ಮ ನೆಲದಲ್ಲಿಯೇ ಕಂಡಿದ್ದೇವೆ. ಛತ್ತೀಸ್‌ಗಢ, ಝಾರ್ಖಂಡಗಳ ಕಾಡುದಾರಿಗಳಲ್ಲಿ ಮಾವೋವಾದಿಗಳು ವಾಹನದ ಲೆಕ್ಕವನ್ನು ಅರಿತುಕೊಂಡು ಅದಕ್ಕೆ ಮೀರಿದ ಮದ್ದನ್ನು ಹೂತಿಟ್ಟರು. ನೆಲಬಾಂಬನ್ನು ತಡೆಯುವುದೆಂದು ನಂಬಿದ ಬಂಡಿಗಳು ಆಕಾಶಕ್ಕೆ ಚಿಮ್ಮಿ ಬಿದ್ದವು; ಅವು ಚಕ್ರದ ಮೇಲಿನ ಶವಪೆಟ್ಟಿಗೆಗಳಾಗಿವೆ ಎಂಬ ಮಾತು ಅರೆಸೈನಿಕ ಪಡೆಯ ಒಳಗಿನಿಂದಲೇ ಕೇಳಿಬಂದಿತು. ದುರ್ಯೋಧನನ ಅಂಗೈಯಂತೆ, ಕವಚ ಮುಚ್ಚದ ಒಂದು ಸ್ಥಾನ ಎಲ್ಲಿಯಾದರೂ ಇದ್ದೇ ಇರುತ್ತದೆ. ಕವಚ ದಪ್ಪವಾದಷ್ಟೂ ಮದ್ದು ಹೆಚ್ಚಾಗುತ್ತದೆ. ಮದ್ದು ಹೆಚ್ಚಾದಷ್ಟೂ ಕವಚ ದಪ್ಪವಾಗಬೇಕಾಗುತ್ತದೆ. ಈ ಲೆಕ್ಕಕ್ಕೆ ಕೊನೆಯಿಲ್ಲ.

ಇರಲಿ, ಬೆನೋನಿಗೆ ಹಿಂದಿರುಗೋಣ. 1994ರ ಏಪ್ರಿಲಿನಲ್ಲಿ ಎಲ್ಲ ವರ್ಣದವರೂ ಮತ ಹಾಕಿದ ಮೊದಲ ಚುನಾವಣೆ ನಡೆದು ಮಂಡೇಲಾ ಅಧ್ಯಕ್ಷರಾದರು. ಅದಕ್ಕೆ ಮೊದಲೇ ಆ ದೇಶ ತನ್ನ ಅಣುಬಾಂಬುಗಳನ್ನು ತಾನಾಗಿಯೇ ಬಿಚ್ಚಿಹಾಕಿತ್ತು. 1993ರ ಮಾರ್ಚಿನಲ್ಲಿ ಅಧ್ಯಕ್ಷ ಡಿ ಕ್ಲರ್ಕ್ ಇದನ್ನು ಬಹಿರಂಗಪಡಿಸಿದರು. ಕೈಗೆ ಬಂದಿದ್ದ ಮಹಾಸ್ತ್ರವನ್ನು ಬಿಟ್ಟುಕೊಟ್ಟ ಇಂತಹ ನಿದರ್ಶನ ಚರಿತ್ರೆಯಲ್ಲಿ ವಿರಳ. ಕವಚವಾಹನಗಳಿಗೂ ಆಗ ಒಳ್ಳೆಯ ಕೆಲಸ ದೊರೆಯಿತು. ಮೊಸಾಂಬಿಕ್‌ನಲ್ಲಿ ಯುದ್ಧ ಮುಗಿದ ಮೇಲೆ ದಾರಿಗಳಲ್ಲಿ ಉಳಿದಿದ್ದ ನೆಲಬಾಂಬುಗಳನ್ನು ತೆಗೆಯುವ ಕಾರ್ಯಕ್ಕೆ ಮೆಕೆಮ್ ಎಂಬ ಸಂಸ್ಥೆ ಈ ವಾಹನಗಳನ್ನು ಬಳಸಿತು. ಸೊಮಾಲಿಯದಲ್ಲಿ ಆಫ್ರಿಕ ಒಕ್ಕೂಟದ ಶಾಂತಿಪಡೆಯವರು ಕ್ಯಾಸ್ಪಿರಿನಲ್ಲಿ ಓಡಾಡಿದರು. ಮಕ್ಕಳನ್ನು ಹೆದರಿಸಿದ ಬಂಡಿಯೇ ಮಕ್ಕಳು ನಡೆಯುವ ದಾರಿಯನ್ನು ಹಸನುಮಾಡಿತು. ಹೀಗಿರುವಲ್ಲಿ ಯಂತ್ರವನ್ನು ಬೈಯುವುದು ಸಲ್ಲದು.

ಯಂತ್ರ ನಿರ್ದೋಷಿಯಾದರೆ, ಆಳುವವರು ಬದಲಾದ ಮೇಲೆ ಎಲ್ಲವೂ ಸರಿಹೋಗಬೇಕಷ್ಟೆ? ಹಾಗಾಗಲಿಲ್ಲ. 2012ರ ಆಗಸ್ಟ್ 16ರಂದು ಮರಿಕಾನ ಎಂಬಲ್ಲಿ ಪ್ಲಾಟಿನಂ ಗಣಿಯ ಕಾರ್ಮಿಕರು ಕೂಲಿ ಹೆಚ್ಚಿಸಬೇಕೆಂದು ಕೆಲಸ ನಿಲ್ಲಿಸಿ ಗುಡ್ಡವೊಂದರ ಬಳಿ ಕೂಡಿದ್ದರು. ಪೋಲೀಸರ ನ್ಯಾಲ ವಾಹನಗಳು ಮುಳ್ಳುತಂತಿಯನ್ನು ಬಿಚ್ಚಿಕೊಳ್ಳುತ್ತ ಅವರ ಮುಂದೆ ಸಾಗಿದವು. ಅಂದು ಗುಂಡಿಗೆ ಬಲಿಯಾದವರು 34 ಜನ. ಆಳುತ್ತಿದ್ದುದು ಜನರೇ ಆರಿಸಿದ ಸರ್ಕಾರ. ಗುಂಡು ಹಾರಿಸಿದವರಲ್ಲಿಯೂ ಬಿದ್ದವರಲ್ಲಿಯೂ ಕಪ್ಪು ಜನರಿದ್ದರು. ವರ್ಣಭೇದದ ಕಾನೂನು ಹೋಗಿತ್ತು; ಕವಚದ ಒಳಗು ಹೊರಗೆಂಬ ಭೇದ ಉಳಿದಿತ್ತು. ಒಳಗೆ ಕೂರುವವನನ್ನು ಬದಲಾಯಿಸಿದ ಮಾತ್ರಕ್ಕೆ ಹೊರಗೆ ನಿಂತವನ ಸ್ಥಿತಿ ಬದಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಮೆರಿಕದಲ್ಲಿಯೂ ಇದೇ ಪಾಠ. ಇರಾಕಿನಲ್ಲಿ ದಾರಿಬದಿಯ ಬಾಂಬುಗಳಿಗೆ ತನ್ನ ಸೈನಿಕರು ಬಲಿಯಾಗುವುದನ್ನು ತಡೆಯಲಾರದೆ ಆ ದೇಶ 2007ರಿಂದ ನೆಲಬಾಂಬು ತಡೆಯುವ ವಾಹನಗಳನ್ನು 20,000ಕ್ಕೂ ಮಿಕ್ಕಿ ಕೊಂಡಿತು. ಇವುಗಳ ಹಿಂದಿದ್ದುದು ದಕ್ಷಿಣ ಆಫ್ರಿಕದ ಅನುಭವ, ಬೆನೋನಿಯ ಆರ್.ಜಿ.-31 ವಾಹನವೂ ಅವುಗಳಲ್ಲಿ ಸೇರಿತ್ತು. ಅನೇಕ ಸೈನಿಕರ ಜೀವ ಉಳಿಯಿತು, ನಿಜ. ಯುದ್ಧದ ಬಿಸಿ ಆರಿದ ಮೇಲೆ ಮಿಕ್ಕ ವಾಹನಗಳಲ್ಲಿ ಹಲವನ್ನು ಊರೂರಿನ ಪೋಲೀಸರಿಗೆ ಹಂಚಲಾಯಿತು. 2014ರಲ್ಲಿ ಫರ್ಗ್ಯುಸನ್ ಎಂಬ ಸಣ್ಣ ಊರಿನಲ್ಲಿ ನಿರಾಯುಧನಾದ ಕಪ್ಪು ತರುಣನೊಬ್ಬನು ಪೋಲೀಸರ ಗುಂಡಿಗೆ ಸತ್ತಾಗ ಪ್ರತಿಭಟಿಸಿದ ಜನರೆದುರು ಕವಚವಾಹನಗಳು ಬಂದು ನಿಂತವು. ಆ ಚಿತ್ರಗಳನ್ನು ಕಂಡು ಅಮೆರಿಕನ್ನರೇ ಬೆಚ್ಚಿದರು. 2015ರಲ್ಲಿ ಒಬಾಮ ಸರ್ಕಾರ ಇಂತಹ ಹಂಚಿಕೆಗೆ ಕಟ್ಟುಗಳನ್ನು ಹಾಕಿತು. 2017ರಲ್ಲಿ ಟ್ರಂಪ್ ಸರ್ಕಾರ ಅವನ್ನು ಸಡಿಲಿಸಿತು. ಕವಚವು ರಣರಂಗದಿಂದ ಬೀದಿಗೆ ನಡೆದು ಬರುವುದಕ್ಕೆ ಬಹಳ ಕಾಲ ಬೇಕಾಗುವುದಿಲ್ಲ. ಬೀದಿಯಿಂದ ಅದನ್ನು ಹಿಂದಕ್ಕೆ ಕಳುಹಿಸುವುದು ಮಾತ್ರ ಕಷ್ಟ.

ಕವಚವನ್ನು ಕಟ್ಟಿಕೊಟ್ಟ ಕಾರ್ಖಾನೆಯ ಗತಿಯೇನಾಯಿತು? 1999ರಲ್ಲಿ ಓ.ಎಂ.ಸಿ.ಯನ್ನು ಇಂಗ್ಲೆಂಡಿನ ವಿಕರ್ಸ್ ಕೊಂಡಿತು. ನಮ್ಮ ಆವಡಿಯಲ್ಲಿ ತಯಾರಾದ 'ವಿಜಯಂತ' ಟ್ಯಾಂಕಿನ ವಿನ್ಯಾಸ ಕೊಟ್ಟ ಮನೆತನವೇ ಅದು. ಮುಂದೆ ಅದು ಆಲ್ವಿಸ್ ಕಂಪನಿಯ ಕೈಗೆ, 2004ರಲ್ಲಿ ಬಿ.ಎ.ಇ. ಸಿಸ್ಟಮ್ಸ್ ಕೈಗೆ ಹೋಯಿತು. 2015ರಲ್ಲಿ ದಕ್ಷಿಣ ಆಫ್ರಿಕ ಸರ್ಕಾರದ ಡೆನೆಲ್ ಸಂಸ್ಥೆ 85.5 ಕೋಟಿ ರ‍್ಯಾಂಡ್ ತೆತ್ತು ಅದನ್ನು ಕೊಂಡಿತು. ಖರೀದಿಯ ಸಾಲ ಡೆನೆಲ್ಲಿಗೆ ಹೊರೆಯಾಯಿತು. ಸರ್ಕಾರಿ ಸಂಸ್ಥೆಗಳ ಲೂಟಿಯನ್ನು ವಿಚಾರಿಸಿದ ಜೋಂಡೋ ಆಯೋಗದ ಮುಂದೆ ಈ ವ್ಯವಹಾರವೂ ಬಂದಿತು. 2020ರಲ್ಲಿ ಡೆನೆಲ್ ತನ್ನ ನೌಕರರಿಗೆ ಪೂರ್ತಿ ಸಂಬಳ ಕೊಡಲಾರದೆ ಹೋಯಿತು. ಸಂಘಗಳು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿ, ಸಂಬಳ ಕೊಡಬೇಕೆಂಬ ತೀರ್ಪನ್ನು ಪಡೆಯಬೇಕಾಯಿತು. ನೆಲಬಾಂಬಿನಿಂದ ಪರರನ್ನು ಕಾಯುವ ಉಕ್ಕನ್ನು ಬೆಸೆದ ಕೈಗಳು ತಿಂಗಳ ಕೊನೆಯಲ್ಲಿ ಬರಿದಾಗಿದ್ದವು. ಕವಚವಾಹನದ ಒಳಗೆ ಕುಳಿತವನು ಒಬ್ಬ, ಹೊರಗೆ ನಿಂತವನು ಒಬ್ಬ. ಅದನ್ನು ಮಾಡಿದವನೆಂಬ ಮೂರನೆಯವನೂ ಒಬ್ಬನಿದ್ದಾನೆಂಬುದನ್ನು ಸಾಮಾನ್ಯವಾಗಿ ಯಾರೂ ನೆನೆಯುವುದಿಲ್ಲ.

ಬೆನೋನಿಯ ನೆರೆಯ ಜೊಹಾನ್ಸ್‌ಬರ್ಗ್ ಜಗತ್ತಿಗೆ ಇನ್ನೊಂದು ಕವಚವನ್ನೂ ಕೊಟ್ಟಿದೆ. 1906ರ ಸೆಪ್ಟೆಂಬರ್ 11ರಂದು ಅಲ್ಲಿಯ ಎಂಪೈರ್ ನಾಟಕಶಾಲೆಯಲ್ಲಿ ಭಾರತೀಯರು ಸಭೆ ಸೇರಿ, ತಮ್ಮನ್ನು ಅಪರಾಧಿಗಳಂತೆ ಬೆರಳೊತ್ತಿಸಿ ದಾಖಲಿಸುವ ಕಾನೂನಿಗೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಸತ್ಯಾಗ್ರಹದ ಹುಟ್ಟು ಅದು. 1908ರ ಫೆಬ್ರವರಿಯಲ್ಲಿ, ಗಾಂಧೀಜಿ ಸರ್ಕಾರದೊಡನೆ ಒಪ್ಪಂದಕ್ಕೆ ಬಂದುದನ್ನು ದ್ರೋಹವೆಂದು ಭಾವಿಸಿದ ಮೀರ್ ಆಲಂ ಎಂಬ ಪಠಾಣನು ಅವರನ್ನು ಬೀದಿಯಲ್ಲಿ ಬಡಿದು ಕೆಡವಿದನು. ಪ್ರಜ್ಞೆ ಬಂದೊಡನೆ ಗಾಂಧೀಜಿ ಹೇಳಿದ್ದು, ಅವನ ಮೇಲೆ ಮೊಕದ್ದಮೆ ಬೇಡವೆಂದು. ಕೆಲವೇ ತಿಂಗಳಲ್ಲಿ ಅದೇ ಮೀರ್ ಆಲಂ ಸಭೆಯಲ್ಲಿ ಎದ್ದು ನಿಂತು, ತನ್ನಿಂದ ತಪ್ಪಾಯಿತೆಂದು ಒಪ್ಪಿದನು; ಗಾಂಧೀಜಿ ಅವನ ಕೈ ಹಿಡಿದರು. ಹೊಡೆದವನೂ ಹೊಡೆಸಿಕೊಂಡವನೂ ಒಬ್ಬರ ಮುಖವನ್ನೊಬ್ಬರು ಕಂಡಿದ್ದರು. ದಪ್ಪ ಗಾಜಿನ ಕಿಟಕಿಯೊಂದು ಅವರ ನಡುವೆ ಇದ್ದಿದ್ದರೆ ಈ ಕಥೆ ಹೀಗೆ ಮುಗಿಯುತ್ತಿರಲಿಲ್ಲ.

ಇದರಿಂದ, ಸೈನಿಕರಿಗೆ ಕವಚವೇ ಬೇಡವೆಂದು ಹೇಳಲು ನಾವು ಹೊರಟಿಲ್ಲ. ಗಡಿಯ ದಾರಿಯಲ್ಲಿ ನೆಲಬಾಂಬು ಇರುವವರೆಗೆ ಅದರ ಮೇಲೆ ನಡೆಯುವ ಹುಡುಗನಿಗೆ ಒಳ್ಳೆಯ ಕವಚ ಕೊಡುವುದು ದೇಶದ ಋಣ. ಅದನ್ನು ನಮ್ಮ ಕಾರ್ಖಾನೆಗಳೇ ಮಾಡಿಕೊಡುವುದು ಸಂತೋಷದ ಸಂಗತಿಯೇ. ಆದರೆ ಮೂರು ಮಾತುಗಳನ್ನು ಮರೆಯಬಾರದು. ಯುದ್ಧಕ್ಕೆಂದು ಮಾಡಿದ ಬಂಡಿಯನ್ನು ಊರಿನ ಬೀದಿಗೆ ತರುವಾಗ ಯಾರ ಅಪ್ಪಣೆಯಿಂದ, ಎಷ್ಟು ಕಾಲಕ್ಕೆ, ಯಾರಿಗೆ ಉತ್ತರ ಹೇಳುವ ಹೊಣೆಯಿಂದ ಎಂಬುದು ಕಾನೂನಿನಲ್ಲಿ ಸ್ಪಷ್ಟವಾಗಿರಬೇಕು. ಅಧಿಕಾರಿಯ ಅನುಕೂಲಕ್ಕೆ ಅದನ್ನು ಬಿಡಕೂಡದು. ಹೊರದೇಶಗಳಿಗೆ ಮಾರುವ ಉತ್ಸಾಹದಲ್ಲಿ ಕೊಳ್ಳುವವನು ಅದನ್ನು ಯಾರ ಮೇಲೆ ತಿರುಗಿಸುತ್ತಾನೆಂಬುದನ್ನು ಕೇಳದಿರಬಾರದು. 1946ರಲ್ಲಿ ನಷ್ಟವನ್ನು ಲೆಕ್ಕಿಸದೆ ವ್ಯಾಪಾರವನ್ನು ಬಿಟ್ಟ ದೇಶಕ್ಕೆ ಈ ಪ್ರಶ್ನೆ ಹೊಸದಲ್ಲ. ನೆಲಬಾಂಬನ್ನು ಎದುರಿಸುವ ವಾಹನದ ಜೊತೆಗೆ ನೆಲಬಾಂಬನ್ನೇ ಬಿಡುವ ವಿಚಾರವೂ ನಡೆಯಬೇಕು. ದಕ್ಷಿಣ ಆಫ್ರಿಕ 1997ರಲ್ಲಿ ಮನುಷ್ಯರನ್ನು ಕೊಲ್ಲುವ ನೆಲಬಾಂಬುಗಳನ್ನು ನಿಷೇಧಿಸಿ ಒಟ್ಟಾವ ಒಪ್ಪಂದಕ್ಕೆ ಸಹಿ ಹಾಕಿತು. ನಾವು ಇನ್ನೂ ಹಾಕಿಲ್ಲ.

ಕೆಲವು ವರ್ಷಗಳ ಹಿಂದೆ ದಕ್ಷಿಣ ಆಫ್ರಿಕ ಮೂಲದ ರಾಲ್ಫ್ ಜಿಮನ್ ಎಂಬ ಕಲಾವಿದ ಹಳೆಯ ಕ್ಯಾಸ್ಪಿರ್ ಒಂದನ್ನು ಪಡೆದು, ಅದರ ಹೊರಮೈಯನ್ನೆಲ್ಲ ಗಾಜಿನ ಮಣಿಗಳಿಂದ ಮುಚ್ಚಿಸಿದನು. ಮಣಿ ಪೋಣಿಸಿದವರು ಜಿಂಬಾಬ್ವೆಯ ಕುಶಲಕರ್ಮಿಗಳು ಮತ್ತು ಎನ್‌ಡೆಬೆಲೆ ಜನಾಂಗದ ಹೆಂಗಸರು. ತಮ್ಮ ಬಟ್ಟೆಗೂ ಕೊರಳಿಗೂ ಹೆಣೆಯುವ ಅದೇ ಬಣ್ಣಗಳನ್ನು ಅವರು ಆ ಉಕ್ಕಿನ ಗೋಡೆಗೆ ತೊಡಿಸಿದರು. 2017ರಲ್ಲಿ ಅದನ್ನು ಕೇಪ್‌ಟೌನ್‌ನ ರಾಷ್ಟ್ರೀಯ ಕಲಾಶಾಲೆಯಲ್ಲಿ ಪ್ರದರ್ಶನಕ್ಕಿಟ್ಟರು. ಹಿಂದೆ ಈ ಬಂಡಿ ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಜನ ಈಗ ಅದರ ಹತ್ತಿರ ನಿಂತು ನೋಡಿದರು. ಕರ್ಣನಂತೆ ಕವಚವನ್ನು ಕೊಯ್ದು ಕೊಡುವುದು ಎಲ್ಲರಿಗೂ ಸಾಧ್ಯವಲ್ಲ. ಯಾವ ಸರ್ಕಾರದಿಂದಲೂ ಅದನ್ನು ನಿರೀಕ್ಷಿಸಲಾಗದು. ಆದರೆ ಕವಚ ತೊಟ್ಟವನು ಮಾಡಬೇಕಾದುದೇನು ಎಂದು ಅರ್ಜುನನು ಎತ್ತಿದ ಪ್ರಶ್ನೆಯನ್ನು ಕೇಳುತ್ತಲೇ ಇರುವುದು ಪ್ರಜೆಗಳ ಕೆಲಸ. ಅದನ್ನು ಕೇಳುವ ಧೈರ್ಯ ಹೊರಗೆ ನಿಂತವರಿಗೂ, ಕೇಳಿಸಿಕೊಳ್ಳುವ ಕಿವಿ ಒಳಗೆ ಕುಳಿತವರಿಗೂ ಇರಬೇಕು.